ಮೆಕೆಂಜಿಯ ಬಯಲನ್ನೂ ಕಪ್ಪೆಯ ಕೊಳವನ್ನೂ ಒಟ್ಟಿಗೇ ಸರಿಮಾಡಿ: ಸ್ಯಾನ್ ಫ್ರಾನ್ಸಿಸ್ಕೊ ಪಾರ್ಕ್ ಕಮಿಷನ್‌ಗೆ ಒಂದು ಬಹಿರಂಗ ಪತ್ರ

ಸ್ಯಾನ್ ಫ್ರಾನ್ಸಿಸ್ಕೊ ನಗರದ ರಿಕ್ರಿಯೇಷನ್ ಅಂಡ್ ಪಾರ್ಕ್ ಕಮಿಷನ್‌ನ ಸದಸ್ಯರಿಗೆ, ಮತ್ತು ಬೇ ಏರಿಯಾದಲ್ಲಿರುವ ನಮ್ಮ ಕನ್ನಡದವರಿಗೆ,

ನಮಸ್ಕಾರ.

ಇದೇ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದು ಕಮಿಷನ್‌ಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯೋಕೆ ಕಾರಣ ಇದೆ. ವಾರದ ಕೊನೆಗೆ ಪಸಿಫಿಕಾದ ಕಡಲ ದಡಕ್ಕೆ ಎಷ್ಟೋ ಕನ್ನಡ ಕುಟುಂಬಗಳು ಬರುತ್ತವೆ. ಅಲ್ಲಿನ ಮಣ್ಣಿನ ಏರಿಯ ಮೇಲೆ ನಡೆಯುತ್ತವೆ, ಫೋಟೊ ತೆಗೆದುಕೊಳ್ಳುತ್ತವೆ, ಹೋಗುತ್ತವೆ. ಏರಿಯ ಒಂದು ಪಕ್ಕ ಪೆಸಿಫಿಕ್ ಸಾಗರ. ಇನ್ನೊಂದು ಪಕ್ಕ ಹಸಿರು ಬಯಲು, ಸೈಪ್ರೆಸ್ ಮರಗಳು, ನಡುವೆ ಜೊಂಡು ತುಂಬಿದ ಒಂದು ಕೊಳ. ಆ ಬಯಲು ಯಾರದು, ಯಾರು ಮಾಡಿದ್ದು ಅಂತ ಕೇಳುವವರು ಕಡಿಮೆ. ಡೇಲಿ ಸಿಟಿಗೆ ಬಂದ ಮೇಲೆ ಆರು ವರ್ಷ ನಾನೂ ಕೇಳಿರಲಿಲ್ಲ.

ಅದು ಶಾರ್ಪ್ ಪಾರ್ಕ್ ಗಾಲ್ಫ್ ಕೋರ್ಸ್. ಜಾಗ ಇರೋದು ಪಸಿಫಿಕಾ ಊರಿನಲ್ಲಿ, ಒಡೆತನ ಸ್ಯಾನ್ ಫ್ರಾನ್ಸಿಸ್ಕೊ ನಗರದ್ದು. ಸದಸ್ಯತ್ವ ಬೇಡ, ಶಿಫಾರಸು ಬೇಡ, ಯಾರು ಬೇಕಾದರೂ ದುಡ್ಡು ಕೊಟ್ಟು ಆಡಬಹುದು. ಅದನ್ನು ರೂಪಿಸಿದವರು ಅಲಿಸ್ಟರ್ ಮೆಕೆಂಜಿ. ಗಾಲ್ಫ್ ಗೊತ್ತಿಲ್ಲದವರಿಗೆ ಹೀಗೆ ಹೇಳಬಹುದು: ಹಸಿರು ಕೋಟು ತೊಡಿಸುವ ಮಾಸ್ಟರ್ಸ್ ಪಂದ್ಯ ನಡೆಯುತ್ತದಲ್ಲ, ಆ ಅಗಸ್ಟಾ ನ್ಯಾಷನಲ್ ಕೋರ್ಸನ್ನು ಹೆಸರಾಂತ ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ರೂಪಿಸಿದ್ದು ಇದೇ ಮೆಕೆಂಜಿ. ಮಾಂಟೆರಿಯ ಸೈಪ್ರೆಸ್ ಪಾಯಿಂಟ್ ಅವರದೇ. ಆಸ್ಟ್ರೇಲಿಯಾದ ರಾಯಲ್ ಮೆಲ್ಬರ್ನ್‌ನ ಹೆಸರಾಂತ ಪಶ್ಚಿಮ ಕೋರ್ಸೂ ಅವರ ಕೈಕೆಲಸ. ಅಗಸ್ಟಾ, ಸೈಪ್ರೆಸ್ ಪಾಯಿಂಟ್ ಎರಡರಲ್ಲೂ ಒಳಗಿನವರು ಕರೆಯದೆ ನಾವು ಆಡುವ ಹಾಗಿಲ್ಲ. ಶಾರ್ಪ್ ಪಾರ್ಕಿಗೆ ನಾನು ರಾತ್ರಿ ಪಾಳಿ ಮುಗಿಸಿ, ಅದೇ ಬಟ್ಟೆಯಲ್ಲಿ, ಬಾಡಿಗೆಗೆ ತಂದ ಗಾಲ್ಫ್ ಕೋಲುಗಳನ್ನು ಹೊತ್ತುಕೊಂಡು ಹೋಗಿದ್ದೆ. ಯಾರೂ ಏನೂ ಕೇಳಲಿಲ್ಲ.

ಕಮಿಷನ್‌ನವರಲ್ಲಿ ನನ್ನ ಕೋರಿಕೆ ಒಂದೇ. ಈ ಕೋರ್ಸನ್ನು ಮೆಕೆಂಜಿ ಮಾಡಿದ ರೀತಿಗೆ ತಿರುಗಿಸಿ. ಅಪರೂಪದ ಕಪ್ಪೆ, ಹಾವು ಬದುಕುವ ಆ ಕೊಳವನ್ನೂ ಅದರ ಜೊತೆಗೇ ಸರಿಮಾಡಿ. ಇವೆರಡನ್ನೂ ಬೇರೆ ಬೇರೆ ಕಡತದಲ್ಲಿ ಇಡಬೇಡಿ. ಒಂದು ಉಳಿಯಬೇಕಾದರೆ ಇನ್ನೊಂದು ಹೋಗಬೇಕು ಅನ್ನೋ ಮಾತನ್ನು ವರ್ಷಗಟ್ಟಲೆ ಕೇಳಿದ್ದೇವೆ. ಆ ಮಾತು ತಪ್ಪು ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೆಕೆಂಜಿ ಓದಿದ್ದು ವೈದ್ಯಕೀಯ. 1870ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಹುಟ್ಟಿದರು, ಮನೆತನದ ಮೂಲ ಸ್ಕಾಟ್ಲೆಂಡ್. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಸರ್ಜನ್ ಆಗಿ ಹೋದರು. ಅಲ್ಲಿ ಬೋಯರ್ ಸೈನಿಕರು ತಮ್ಮ ಕಂದಕಗಳನ್ನು ಸುತ್ತಲ ನೆಲದಲ್ಲೇ ಹೇಗೆ ಬಚ್ಚಿಡುತ್ತಾರೆ ಅನ್ನೋದನ್ನು ಗಮನಿಸಿದರು. ತೋಡಿದ ಗುಂಡಿ ತೋಡಿದ್ದು ಅಂತ ಗೊತ್ತೇ ಆಗುತ್ತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಇದೇ ಮರೆಮಾಚುವ ವಿದ್ಯೆಯನ್ನು ಬ್ರಿಟಿಷ್ ಸೇನೆಗೆ ಕಲಿಸಿದರು. ಗಾಲ್ಫ್ ಬಯಲುಗಳಲ್ಲೂ ಅದನ್ನೇ ತಿರುಗಿಸಿ ಬಳಸಿದರು. 1920ರಲ್ಲಿ ಅವರು ಬರೆದಿಟ್ಟ 13 ಸೂತ್ರಗಳಲ್ಲಿ ಒಂದರ ಸಾರ ಇಷ್ಟು: ಮನುಷ್ಯ ಮಾಡಿದ ದಿಬ್ಬ, ಗುಂಡಿ ಎಲ್ಲ ಎಷ್ಟು ಸಹಜವಾಗಿರಬೇಕು ಅಂದರೆ, ಹೊಸಬರಿಗೆ ಅದು ಮೊದಲಿಂದ ಇದ್ದದ್ದೋ, ಕೈಯಿಂದ ಮಾಡಿದ್ದೋ ತಿಳಿಯಬಾರದು. ಚೆನ್ನಾಗಿ ಆಡುವವರು, ಸುಮಾರಾಗಿ ಆಡುವವರು, ಈಗ ತಾನೇ ಕಲಿಯುತ್ತಿರುವವರು, ಎಲ್ಲರಿಗೂ ಒಂದೇ ಬಯಲಿನಲ್ಲಿ ಖುಷಿ ಸಿಗಬೇಕು ಅನ್ನೋದು ಇನ್ನೊಂದು. ಆಟ ಆಡಿ ನಡೆದಾಡಿದರೆ ಔಷಧಿಗಿಂತ ಒಳ್ಳೆಯದು ಅಂತ ನಂಬಿದ್ದ ಡಾಕ್ಟರ್ ಅವರು. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಆ ಮಾತು ನನಗೆ ತಟ್ಟಿತು.

ಶಾರ್ಪ್ ಪಾರ್ಕಿನ ಜಾಗ ನಗರಕ್ಕೆ 1917ರಲ್ಲಿ ದಾನವಾಗಿ ಬಂತು. ಜನರ ಪಾರ್ಕು, ಆಟದ ಜಾಗ ಆಗಿಯೇ ಇರಬೇಕು ಅಂತ ದಾನಪತ್ರದಲ್ಲಿ ಷರತ್ತು ಇತ್ತು. ಗೋಲ್ಡನ್ ಗೇಟ್ ಪಾರ್ಕನ್ನು ಐವತ್ತಕ್ಕೂ ಹೆಚ್ಚು ವರ್ಷ ನೋಡಿಕೊಂಡ ಜಾನ್ ಮೆಕ್‌ಲಾರೆನ್ ಆಗ ನಗರದ ಪಾರ್ಕುಗಳ ಮುಖ್ಯಸ್ಥರು. ಅವರು ಮೆಕೆಂಜಿಯನ್ನು ಕರೆತಂದರು. 1932ರ ಏಪ್ರಿಲ್‌ನಲ್ಲಿ ಕೋರ್ಸ್ ತೆರೆಯಿತು. ಅಮೆರಿಕದಲ್ಲಿ ಜನ ಕೆಲಸ ಕಳೆದುಕೊಂಡು ಸಾಲಿನಲ್ಲಿ ನಿಂತು ಬ್ರೆಡ್ ತೆಗೆದುಕೊಳ್ಳುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಒಂದು ನಗರ, ಆ ಕಾಲದ ದೊಡ್ಡ ಕೈಯೊಂದನ್ನು ಹಿಡಿದು ಎಲ್ಲರಿಗೂ ಅಂತ ಬಯಲು ಮಾಡಿಸಿತು. ನಿಮ್ಮ ಹಿಂದಿನವರು ಮಾಡಿದ ಈ ಕೆಲಸ ದೊಡ್ಡದು.

ಈಗ ಆ ಬಯಲಿನ ಒಳಗುಟ್ಟನ್ನು ಸ್ವಲ್ಪ ಹೇಳಬೇಕು. 1914ರಲ್ಲಿ ಇಂಗ್ಲೆಂಡಿನ ಒಂದು ಪತ್ರಿಕೆ ಒಳ್ಳೆಯ ಗಾಲ್ಫ್ ಹೋಲ್ ಒಂದನ್ನು ಚಿತ್ರಿಸಿ ಕಳಿಸಿ ಅಂತ ಸ್ಪರ್ಧೆ ಇಟ್ಟಿತು. ಹೋಲ್ ಅಂದರೆ ಇಲ್ಲಿ ಬರೀ ಕುಳಿಯಲ್ಲ, ಮೊದಲ ಹೊಡೆತದ ಜಾಗದಿಂದ ಕುಳಿಯ ತನಕದ ಇಡೀ ಹಾದಿ. ಗೆದ್ದವರು ಮೆಕೆಂಜಿ. ಅವರ ಚಿತ್ರದಲ್ಲಿ ಗುರಿ ತಲುಪೋಕೆ ಒಂದಕ್ಕಿಂತ ಹೆಚ್ಚು ದಾರಿ ಇತ್ತು. ನಮ್ಮೂರಲ್ಲಿ ಶಾಲೆಗೆ ಹೋಗುವಾಗ ಒಂದು ಕಾಲುವೆ ಸಿಗುತ್ತಿತ್ತು. ಗಟ್ಟಿಗರು ಒಂದೇ ನೆಗೆತಕ್ಕೆ ಹಾರಿ ಹೋಗುತ್ತಿದ್ದರು. ಸಣ್ಣವರು ತೂಬಿನ ತನಕ ನಡೆದು, ಸುತ್ತಿಕೊಂಡು ಬರುತ್ತಿದ್ದರು. ಸರಿಯಾಗಿ ಹಾರಿದವರು ಬೇಗ ತಲುಪುತ್ತಿದ್ದರು, ತಪ್ಪಿದವರ ಚೀಲ ಪುಸ್ತಕ ಎಲ್ಲ ನೀರುಪಾಲು. ಮೆಕೆಂಜಿಯ ಹೋಲ್ ಹಾಗೆಯೇ. ನೀರಿನ ಆಚೆಗೆ ನೆಟ್ಟಗೆ ಹೊಡೆಯುವ ಧೈರ್ಯ ಇದ್ದವರಿಗೆ ಹತ್ತಿರದ ದಾರಿ. ಇಲ್ಲದವರಿಗೆ ಸುತ್ತು ದಾರಿ, ಒಂದು ಹೊಡೆತ ಜಾಸ್ತಿ. ಸುತ್ತು ದಾರಿಯಲ್ಲಿ ಹೋದವರೂ ಆಟದಲ್ಲಿ ಉಳಿಯುತ್ತಾರೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಹಳೆಯ ಕೋರ್ಸಿನಿಂದ ಅವರು ಕಲಿತದ್ದು ಇದನ್ನೇ. ಆ ಕೋರ್ಸನ್ನು ಅಳೆದು ಅವರು ಬಿಡಿಸಿದ 1924ರ ನಕಾಶೆ ಇವತ್ತಿಗೂ ಗಾಲ್ಫ್ ಪ್ರಿಯರ ಮನೆ ಗೋಡೆಗಳ ಮೇಲಿದೆ.

ಆ ಬಹುಮಾನದ ಹೋಲ್ ಮೊದಲು ನ್ಯೂಯಾರ್ಕ್ ಹತ್ತಿರ ಲಾಂಗ್ ಐಲೆಂಡಿನ ಲಿಡೊ ಕೋರ್ಸಿನಲ್ಲಿ ನೆಲಕ್ಕಿಳಿಯಿತು. ಎರಡನೇ ಮಹಾಯುದ್ಧದಲ್ಲಿ ಆ ಜಾಗ ನೌಕಾಪಡೆಗೆ ಹೋಯಿತು, ಕೋರ್ಸ್ ಅಳಿಸಿಹೋಯಿತು. ಅದೇ ಯೋಚನೆಯಿಂದ ಹುಟ್ಟಿದ, ಎರಡು ದಾರಿ ಇರುವ ಎರಡು ಹೋಲ್‌ಗಳನ್ನು ಮೆಕೆಂಜಿ ಶಾರ್ಪ್ ಪಾರ್ಕಿನಲ್ಲಿ ಮಾಡಿದ್ದರು. ಸುತ್ತು ದಾರಿ, ಹತ್ತಿರದ ದಾರಿ ಎರಡೂ ಬೇಕಾದವರಿಗೆ ಬೇಕಾದ ಹಾಗೆ. ಬಸ್ ಡ್ರೈವರ್, ಗುಮಾಸ್ತ, ಬಂದರಿನ ಕೂಲಿ ಆಡುವ ಜಾಗದಲ್ಲಿ ಅವರು ತಮ್ಮ ಒಳ್ಳೆಯ ಯೋಚನೆಯನ್ನೇ ಇಟ್ಟರು. ಇವರಿಗೆ ಇಷ್ಟು ಸಾಕು ಅಂತ ಕೈ ಬಿಗಿ ಹಿಡಿಯಲಿಲ್ಲ. ನನಗೆ ಮೆಕೆಂಜಿ ಮೇಲೆ ಗೌರವ ಹುಟ್ಟಿದ್ದು ಅಗಸ್ಟಾ ನೋಡಿ ಅಲ್ಲ, ಇದನ್ನು ತಿಳಿದ ಮೇಲೆ.

1934ರ ಜನವರಿಯಲ್ಲಿ ಅವರು ಸಾಂಟಾ ಕ್ರೂಜ್‌ನಲ್ಲಿ ತೀರಿಕೊಂಡರು. ಮೊದಲ ಮಾಸ್ಟರ್ಸ್ ಪಂದ್ಯಕ್ಕೆ ಇನ್ನೂ ಎರಡು ತಿಂಗಳಿತ್ತು. ಅಗಸ್ಟಾದಲ್ಲಿ ಹುಲ್ಲು ಪೂರ್ತಿ ಎದ್ದದ್ದನ್ನು ಅವರು ನೋಡಲೇ ಇಲ್ಲ.

ಶಾರ್ಪ್ ಪಾರ್ಕಿನ ಕಷ್ಟವೂ ಬೇಗ ಶುರುವಾಯಿತು. 1930ರ ದಶಕದ ಕೊನೆಗೆ ಬಂದ ಬಿರುಗಾಳಿಗೆ ಸಮುದ್ರ ಒಳಗೆ ನುಗ್ಗಿ ದಡದ ಹೋಲ್‌ಗಳನ್ನು ಕೆಡಿಸಿತು. 1940ರ ದಶಕದ ಶುರುವಿನಲ್ಲಿ ಮಣ್ಣಿನ ಏರಿ ಕಟ್ಟಿದರು. ನಾವು ಈಗ ನಡೆದಾಡುವ ಏರಿಯ ಮೂಲ ಅದು. ಹಾಳಾದ ಹೋಲ್‌ಗಳ ಬದಲಿಗೆ ಹೆದ್ದಾರಿ ಒಂದರ ಆಚೆ, ಗುಡ್ಡದ ಕಡೆ, ನಾಲ್ಕು ಹೊಸ ಹೋಲ್ ಮಾಡಿದರು. ಮಾಡಿದವರು ಮೆಕೆಂಜಿಯ ಕೈಕೆಳಗೆ ದುಡಿದಿದ್ದ ಜಾಕ್ ಫ್ಲೆಮಿಂಗ್. ಮೂಲದ 18ರಲ್ಲಿ ಈಗ 12 ಹೋಲ್ ಉಳಿದಿವೆ ಅನ್ನುತ್ತಾರೆ. ಬಯಲಿನ ಆಚೆಯ ಕಣಿವೆಯಲ್ಲಿ, ನಗರದ ಇದೇ ಜಾಗದಲ್ಲಿ, 1942ರಲ್ಲಿ ಒಂದು ಬಂಧನ ಶಿಬಿರವನ್ನೂ ಮಾಡಿದ್ದರು. ಜಪಾನ್, ಜರ್ಮನಿ, ಇಟಲಿಯಿಂದ ಬಂದು ಇಲ್ಲಿ ನೆಲೆಸಿದ್ದವರನ್ನು ಹಿಡಿದು ಕೂಡಿಹಾಕಿದ್ದರು. ವಲಸೆ ಬಂದವಳಾದ ನಾನು ಆ ಕಡೆ ಹೋದಾಗ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಆಮೇಲೆ ಬಂದದ್ದು ಸದ್ದಿಲ್ಲದ ಸವಕಳಿ. ಅದನ್ನು ಮಾಡಿದ್ದು ಬಿರುಗಾಳಿಯಲ್ಲ, ಹುಲ್ಲು ಕತ್ತರಿಸುವ ಯಂತ್ರ. ಗ್ರೀನ್ ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು. ಯಂತ್ರ ಓಡಿಸುವವರು ಅಂಚಿಗೆ ಹೋದಾಗ ಹುಷಾರಿಗೆ ಒಂದು ಬೆರಳು ಒಳಗೇ ತಿರುಗಿಸುತ್ತಾರೆ. ಅವರ ತಪ್ಪೇನಿಲ್ಲ. ಆದರೆ ವರ್ಷ ವರ್ಷ ಹೀಗೇ ಒಂದೊಂದು ಬೆರಳು ಒಳಗೆ ಬಂದರೆ, ಎಂಬತ್ತು ವರ್ಷಕ್ಕೆ ಮೂಲೆಗಳೆಲ್ಲ ಮಾಯ. ಬಾಳೆಎಲೆಯ ಹಾಗೆ ಉದ್ದಕ್ಕೆ, ಅಂಕುಡೊಂಕಾಗಿ ಇದ್ದ ಗ್ರೀನ್ ದೋಸೆಯ ಹಾಗೆ ದುಂಡಗಾಗುತ್ತದೆ. ಹಳೆಯ ಕೋರ್ಸ್‌ಗಳಲ್ಲಿ ಎಲ್ಲ ಕಡೆ ನಡೆಯುವುದೇ ಹೀಗೆ. ಮರಳುಗುಂಡಿಗಳೂ ಅಷ್ಟೇ. ಮೆಕೆಂಜಿಯ ಬಂಕರ್‌ಗಳ ಅಂಚು ಬೆರಳು ಚಾಚಿದ ಹಾಗೆ ಇರುತ್ತಿತ್ತು, ಹಿಂದಿನ ಬೆಟ್ಟದ ಸಾಲಿಗೆ, ಮೋಡಕ್ಕೆ ಹೊಂದುತ್ತಿತ್ತು. ನಿಭಾಯಿಸೋದು ಕಷ್ಟ ಅಂತ ಒಂದೊಂದೇ ಹುಲ್ಲು ಮುಚ್ಚಿಕೊಂಡವು, ಉಳಿದವು ದುಂಡಗಾದವು.

ಇದನ್ನು ನಾನು ಕಣ್ಣಾರೆ ಕಂಡದ್ದು ಒಂದು ಡಿಸೆಂಬರ್ ಬೆಳಗ್ಗೆ. ಜೊತೆಗೆ ಆಡುವ ಹಿರಿಯರೊಬ್ಬರು ಇದ್ದಾರೆ, ನಿವೃತ್ತ ಟ್ರಾಮ್ ಡ್ರೈವರ್. ಇಬ್ಬನಿ ಇನ್ನೂ ಇಳಿದಿರಲಿಲ್ಲ. ಅವರು ಗ್ರೀನ್ ಅಂಚಿನಲ್ಲಿ ನನ್ನನ್ನು ನಿಲ್ಲಿಸಿ, ಸೂರ್ಯನ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂರಿಸಿದರು. ಇಬ್ಬನಿ ಮೇಲೆ ಬೆಳಕು ಓರೆಯಾಗಿ ಬಿದ್ದಿತ್ತು. ಕತ್ತರಿಸಿದ ದುಂಡು ಹುಲ್ಲು ಮುಗಿದ ಮೇಲೂ ನೆಲ ಅದೇ ಮಟ್ಟದಲ್ಲಿ ಮುಂದೆ ಹೋಗಿತ್ತು. ಎಂಟು ಹತ್ತು ಹೆಜ್ಜೆ, ಎಡಕ್ಕೆ ಒಂದು ಕಿವಿಯ ಹಾಗೆ ಬಾಗಿ, ಆಮೇಲೆ ಥಟ್ಟನೆ ಕೆಳಗಿಳಿದಿತ್ತು. ಕೆಳಗೆ ಹುಲ್ಲು ತುಂಬಿದ ಒಂದು ತಗ್ಗು. ಅವರು ಗಾಲ್ಫ್ ಕೋಲಿನ ಹಿಡಿಯನ್ನು ಆ ತಗ್ಗಿನಲ್ಲಿ ಒತ್ತಿದರು. ಹುಲ್ಲಿನ ಬೇರು ದಾಟಿದ ಮೇಲೆ ಹಿಡಿ ಸಲೀಸಾಗಿ ಇಳಿಯಿತು. ಎತ್ತಿದಾಗ ತುದಿಗೆ ಮರಳು ಅಂಟಿತ್ತು. ಒದ್ದೆ ಮರಳು, ಬೂದು ಬಣ್ಣದ್ದು. ಅದು ಹಳೆಯ ಬಂಕರ್. ಮೇಲಿನ ಆ ಕಿವಿ, ಗ್ರೀನಿನ ಕಳೆದುಹೋದ ಮೂಲೆ. ಎಲ್ಲ ಅಲ್ಲೇ ಇದೆ, ಮೇಲೆ ಹುಲ್ಲು ಹೊದ್ದುಕೊಂಡು ಮಲಗಿದೆ ಅಷ್ಟೇ.

ಹೀಗಾಗಿ ದುರಸ್ತಿ ಅಂದರೆ ಹೊಸದಾಗಿ ಕಟ್ಟುವುದಲ್ಲ. ಇಂಥ ಕೆಲಸ ಮಾಡುವವರು ಮೊದಲು ಹಳೆಯ ವಿಮಾನದ ಫೋಟೊಗಳನ್ನು ನೋಡುತ್ತಾರೆ, ಮೂಲ ನಕಾಶೆ ಹರಡಿಕೊಳ್ಳುತ್ತಾರೆ, ನೆಲಕ್ಕೆ ಸಲಾಕೆ ಇಳಿಸಿ ಮರಳಿನ ಪದರ ಎಲ್ಲಿ ನಿಲ್ಲುತ್ತದೆ ಅಂತ ಹುಡುಕುತ್ತಾರೆ. ಆಮೇಲೆ ಅಂಚನ್ನು ನಿಧಾನವಾಗಿ ಹೊರಗೆ ಸರಿಸುತ್ತಾರೆ. ಸಾಂಟಾ ಕ್ರೂಜ್‌ನ ಪಸಾಟಿಯೆಂಪೊ ಕೋರ್ಸ್ 1929ರದು, ಮೆಕೆಂಜಿ ಮನೆ ಮಾಡಿಕೊಂಡಿದ್ದೂ ಅದರ ಬದಿಯಲ್ಲೇ. ಕೋರ್ಸ್ ರೂಪಿಸುವ ಟಾಮ್ ಡೋಕ್, ಜಿಮ್ ಅರ್ಬಿನಾ ಹಳೆಯ ಫೋಟೊಗಳನ್ನು ಹಿಡಿದು ಅದನ್ನು ಹೀಗೇ ಮರಳಿ ತಂದರು. ಅಳಿಸಿಹೋಗಿದ್ದ ಆ ಲಿಡೊ ಕೋರ್ಸನ್ನೂ ಡೋಕ್ ತಂಡ ವಿಸ್ಕಾನ್ಸಿನ್‌ನಲ್ಲಿ ಮತ್ತೆ ಮಾಡಿತು, 2023ರಲ್ಲಿ ತೆರೆಯಿತು. ಪೂರ್ತಿ ಅಳಿಸಿದ್ದನ್ನೇ ಸಾವಿರ ಮೈಲಿ ದೂರ ಹೋಗಿ ಮತ್ತೆ ಬರೆಯಬಹುದಾದರೆ, ಕಾಲಡಿಯಲ್ಲೇ ಮಲಗಿರೋದನ್ನು ಎಬ್ಬಿಸೋಕೆ ಆಗದೇ?

ಈಗ ಕೊಳದ ಮಾತು. ಕೋರ್ಸ್ ಬಗ್ಗೆ ಆಸೆ ಇರುವ ನಮ್ಮಂಥವರು ಈ ಭಾಗವನ್ನು ಬೇಗ ಬೇಗ ದಾಟಿಬಿಡುತ್ತೇವೆ. ನಾನು ದಾಟುವುದಿಲ್ಲ.

ಅದರ ಹೆಸರು ಲಗೂನಾ ಸಲಾಡ. ಉಪ್ಪುನೀರಿನ ಕೊಳ ಅಂತ ಅರ್ಥ, ಆದರೆ ಈಗ ಅದರಲ್ಲಿರೋದು ಸಿಹಿನೀರು. ಸಾಂಚೆಜ್ ತೊರೆಯ ನೀರು ಬಂದು ಸೇರುವುದು ಇಲ್ಲಿಗೇ. ಇಲ್ಲಿ ಕೆಂಗಾಲಿನ ಕಪ್ಪೆ ಇದೆ, 1996ರಿಂದ ಕೇಂದ್ರ ಸರ್ಕಾರದ ಅಪಾಯದಂಚಿನ ಪಟ್ಟಿಯಲ್ಲಿದೆ. 2014ರಲ್ಲಿ ಅದು ಕ್ಯಾಲಿಫೋರ್ನಿಯಾದ ರಾಜ್ಯ ಉಭಯಚರಿಯೂ ಆಯಿತು. ಆ ಕಪ್ಪೆಯನ್ನು ತಿಂದು ಬದುಕುವ ಸ್ಯಾನ್ ಫ್ರಾನ್ಸಿಸ್ಕೊ ಗಾರ್ಟರ್ ಹಾವು ಇದೆ. ಕೆಂಪು, ಕಪ್ಪು, ನೀಲಿ ಬೆರೆತ ಹಸಿರು ಪಟ್ಟೆ, ರೇಷ್ಮೆ ಸೀರೆಯ ಅಂಚಿನ ಹಾಗೆ. ಜಗತ್ತಿನಲ್ಲಿ ಅದು ಇರೋದು ಈ ಸುತ್ತಿನಲ್ಲಿ ಮಾತ್ರ. ಮಳೆಗಾಲದಲ್ಲಿ ಕಪ್ಪೆ ಜೊಂಡಿನ ಕಡ್ಡಿಗೆ ಅಂಟಿಸಿ ಮೊಟ್ಟೆ ಇಡುತ್ತದೆ. ಒಂದು ಮುದ್ದೆಯಲ್ಲಿ 2,000ದಿಂದ 5,000 ಮೊಟ್ಟೆ. ನೀರಿನ ಮಟ್ಟಕ್ಕೆ ಸರಿಯಾಗಿ ತೇಲುತ್ತಿರುತ್ತದೆ. ನೀರು ಇಳಿದರೆ ಮುದ್ದೆ ಗಾಳಿಗೆ ಒಣಗುತ್ತದೆ. ಉಪ್ಪುನೀರು ನುಗ್ಗಿದರೂ ಸಾಯುತ್ತದೆ.

ಜಗಳ ಹುಟ್ಟಿದ್ದು ಇಲ್ಲೇ. ಫೇರ್‌ವೇ ಅಂದರೆ ಗ್ರೀನ್ ತನಕ ಚೆಂಡು ಹೊಡೆದುಕೊಂಡು ಹೋಗುವ ಹುಲ್ಲಿನ ಹಾದಿ. ಮಳೆಗಾಲದಲ್ಲಿ ತಗ್ಗಿನ ಫೇರ್‌ವೇಗಳಲ್ಲಿ ನೀರು ನಿಲ್ಲುತ್ತದೆ. ಆಡೋಕೆ ನೀರನ್ನು ಪಂಪಿನಿಂದ ಸಮುದ್ರಕ್ಕೆ ಬಿಡಬೇಕು. ಕಪ್ಪೆಗೆ ಅದೇ ನೀರು ಅಲ್ಲೇ ನಿಲ್ಲಬೇಕು. 2011ರಲ್ಲಿ ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. ಅದೇ ವರ್ಷ ನಗರದ ಮೇಲ್ವಿಚಾರಕರ ಮಂಡಳಿ ಕೋರ್ಸನ್ನು ಮುಚ್ಚುವ ದಾರಿ ತೆರೆಯುವ ಮಸೂದೆ ಒಪ್ಪಿತು, ಡಿಸೆಂಬರ್‌ನಲ್ಲಿ ಮೇಯರ್ ಎಡ್ ಲೀ ಅದನ್ನು ತಡೆದರು. ಮರುವರ್ಷ ಕೋರ್ಟಿನಲ್ಲಿ ಮೊಕದ್ದಮೆ ಬಿದ್ದುಹೋಯಿತು. ಆಟಗಾರರು ಗೆದ್ದೆವು ಅಂದರು. ನನಗೆ ಗೆಲುವು ಅನ್ನಿಸಲಿಲ್ಲ. ನೀರು ನಿಲ್ಲುವ ತಗ್ಗು ಮಾತ್ರ ಹಾಗೇ ಉಳಿದಿತ್ತಲ್ಲ.

ನಾನು ಬೆಂಗಳೂರಿನಲ್ಲಿ ಓದಿದವಳು. ಚಲ್ಲಘಟ್ಟದ ಕೆರೆ ಇದ್ದ ಜಾಗದಲ್ಲಿ ಇವತ್ತು ಗಾಲ್ಫ್ ಕೋರ್ಸ್ ಇದೆ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆ ಕ್ರೀಡಾಂಗಣ ಆಯಿತು. ಒಂದು ಊರು ತನ್ನ ಕೆರೆಗಳನ್ನು ನುಂಗಿದರೆ ಆಮೇಲೆ ಮಳೆಗಾಲದಲ್ಲಿ ಏನಾಗುತ್ತದೆ ಅಂತ ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ನೀರು ತನ್ನ ಜಾಗ ಮರೆಯೋದಿಲ್ಲ. ಗಾಲ್ಫ್ ಅಂದರೆ ನನಗೆ ಪ್ರಾಣ, ಆದರೆ ಆ ಆಟಕ್ಕಾಗಿ ಇನ್ನೊಂದು ಕೊಳ ಹೋಗಲಿ ಅನ್ನೋಕೆ ನನ್ನ ಬಾಯಿ ಬರುವುದಿಲ್ಲ.

ಅಪ್ಪ ಒಮ್ಮೆ ಇಲ್ಲಿಗೆ ಬಂದಿದ್ದರು. ಚನ್ನರಾಯಪಟ್ಟಣದ ಕಡೆ ರೈತರು. ಜನವರಿ ತಿಂಗಳು, ಎರಡು ದಿನ ಸುರಿದ ಮಳೆ ಆಗ ತಾನೇ ನಿಂತಿತ್ತು. ಏರಿ ಮೇಲೆ ನಡೆಸಿಕೊಂಡು ಹೋಗಿ ಬಯಲು ತೋರಿಸಿದೆ. ಅವರು ಸಮುದ್ರ ನೋಡಲೇ ಇಲ್ಲ. ಬೇಲಿ ಪಕ್ಕ ಕೂತು ಒಂದು ಗ್ರೀನನ್ನೇ ನೋಡುತ್ತಿದ್ದರು, ಆಮೇಲೆ ಅದರ ಆಚೆ ಕೆರೆಯಂತಾಗಿದ್ದ ಫೇರ್‌ವೇ ನೋಡಿದರು.

“ಇಲ್ಲಿ ನೀರು ಇಳ್ದೋಗದೆ, ಅಲ್ಲಿ ನಿಂತ್ಕಂಡದೆ. ಈ ಏರು ತಗ್ಗು ಮಾಡ್ದೋನು ನೀರು ನೋಡ್ಕಂಡೇ ಮಾಡವ್ನೆ ಕಣವ್ವ. ಆ ಕೊಳದಲ್ಲಿ ಹೂಳು ತುಂಬದೆ. ತೆಗ್ದು ಈ ತಗ್ಗಿಗೆ ಹಾಕ್ಬಾರ್ದಾ?” ಅಂದರು.

ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಾರೆ. ಕೆರೆ ಆಳ ಆಗುತ್ತದೆ, ಹೊಲ ಎತ್ತರ ಆಗುತ್ತದೆ, ಮಣ್ಣಿಗೆ ಸತ್ವವೂ ಬರುತ್ತದೆ. ಒಂದೇ ಗಾಡಿಯಲ್ಲಿ ಎರಡು ಕೆಲಸ. ಅಪ್ಪ ಹೇಳಿದ್ದು ಅದನ್ನೇ. ಮನೆಗೆ ಬಂದು ಹುಡುಕಿದರೆ, ನಿಮ್ಮ ಕಮಿಷನ್ 2016ರ ಡಿಸೆಂಬರ್‌ನಲ್ಲಿ ಒಪ್ಪಿದ ನೈಸರ್ಗಿಕ ಜಾಗಗಳ ಯೋಜನೆಯಲ್ಲೂ ಅದೇ ಇತ್ತು! ಕೊಳದ ಹೂಳೆತ್ತಿ, ಆ ಮಣ್ಣನ್ನು ತಗ್ಗಿನ ಫೇರ್‌ವೇಗಳಿಗೆ ಹಾಕಿ ಎತ್ತರಿಸೋದು. ಫೇರ್‌ವೇ ಎತ್ತರ ಆದರೆ ಪಂಪ್ ಅಷ್ಟು ಓಡಿಸಬೇಕಾಗಿಲ್ಲ. ಪಂಪ್ ಓಡದಿದ್ದರೆ ಮೊಟ್ಟೆ ಒಣಗುವುದಿಲ್ಲ. ಆಟಗಾರರ ಪಾದವೂ ಒದ್ದೆ ಆಗುವುದಿಲ್ಲ. 1930ರಲ್ಲೂ ಈ ಬಯಲನ್ನು ಮಾಡಿದ್ದು ಕೊಳದಿಂದ ತೆಗೆದ ಮಣ್ಣಿನಿಂದಲೇ. ಅಂದರೆ ಕೊಳ ಮತ್ತು ಕೋರ್ಸ್ ಮೊದಲಿಂದಲೂ ಒಂದೇ ಮಣ್ಣು.

ಈ ಕಾರಣಕ್ಕೇ ನಾನು ಎರಡನ್ನೂ ಒಂದೇ ನಕಾಶೆಯಲ್ಲಿ ಬರೆಯಿರಿ ಅಂತ ಕೇಳುತ್ತಿರುವುದು. ಹೂಳೆತ್ತುವ ಎಂಜಿನಿಯರ್‌ಗಳು ಬಂದು ಮಣ್ಣನ್ನು ಸುಮ್ನೆ ಮಟ್ಟಸವಾಗಿ ಸುರಿದು ಹೋದರೆ, ಮೆಕೆಂಜಿಯ ಏರಿಳಿತ ಅದರ ಕೆಳಗೆ ಶಾಶ್ವತವಾಗಿ ಹೂತುಹೋಗುತ್ತದೆ. ಅದಾದ ಮೇಲೆ ಯಾವ ಸಲಾಕೆ ಇಳಿಸಿದರೂ ಸಿಗುವುದಿಲ್ಲ. ಮಣ್ಣು ಹಾಕುವ ದಿನ ಆ ಹಳೆಯ ಫೋಟೊ, ಆ ಹಳೆಯ ನಕಾಶೆ ಯಂತ್ರದ ಪಕ್ಕ ಇರಬೇಕು. ಎರಡು ದಾರಿಯ ಹೋಲ್‌ಗಳಲ್ಲಿ ಒಂದನ್ನಾದರೂ ಆಗಲೇ ಮರಳಿ ತರಬಹುದು. ಕೊಳದ ಅಂಚಿನಲ್ಲಿ ಯಾರೂ ಆಡದ ಕಡೆ ಕತ್ತರಿಸಿದ ಹುಲ್ಲು ಯಾಕೆ ಬೇಕು? ಅದನ್ನು ಜೊಂಡಿಗೆ ಬಿಟ್ಟುಕೊಡಿ. ಉತ್ತರ ಕ್ಯಾರೊಲೈನಾದ ಪೈನ್‌ಹರ್ಸ್ಟ್ 2ನೇ ಕೋರ್ಸನ್ನು ಬಿಲ್ ಕೂರ್, ಬೆನ್ ಕ್ರೆನ್‌ಶಾ 2011ರಲ್ಲಿ ಹಳೆಯ ರೂಪಕ್ಕೆ ತಂದಾಗ ಮಾಡಿದ್ದು ಇದನ್ನೇ. ಸುಮಾರು 35 ಎಕರೆ ಹುಲ್ಲುಹಾಸು ಕಿತ್ತು ಅಲ್ಲಿನ ಮರಳನ್ನೂ ಕಾಡುಹುಲ್ಲನ್ನೂ ಬಿಟ್ಟರು. ನೀರು ಚಿಮ್ಮಿಸುವ ಮೂತಿಗಳು 1,150 ಇದ್ದದ್ದು 450ಕ್ಕೆ ಇಳಿಯಿತು. ಮೂರು ವರ್ಷದ ಮೇಲೆ ಪುರುಷರ, ಮಹಿಳೆಯರ ಯು.ಎಸ್. ಓಪನ್ ಎರಡೂ ಬೆನ್ನು ಬೆನ್ನಿಗೆ ಅಲ್ಲೇ ನಡೆದವು. ಆಟ ಏನೂ ಕೆಡಲಿಲ್ಲ.

ಇನ್ನೊಂದು ಮಾತು ನನ್ನ ಜೊತೆ ಆಡುವ ಕೆಲವರಿಗೆ ಹಿಡಿಸೋದಿಲ್ಲ, ಆದರೂ ಹೇಳುತ್ತೇನೆ. ಸಮುದ್ರ ನುಂಗಿದ ಹೋಲ್‌ಗಳನ್ನು ಮತ್ತೆ ದಡದಲ್ಲಿ ಕಟ್ಟುವ ಆಸೆ ಬೇಡ. ಹಳೆಯ ಚಿತ್ರದಲ್ಲಿ ಅವು ಎಷ್ಟು ಚೆಂದ ಕಂಡರೂ ಬೇಡ. ಹತ್ತು ವರ್ಷವೂ ನೆಟ್ಟಗೆ ನಿಲ್ಲದ ಹೋಲ್‌ಗಳವು. ಈಗ ಸಮುದ್ರದ ಮಟ್ಟ ಏರುತ್ತಿದೆ. ಒಂದು ಗಾಲ್ಫ್ ಹೋಲ್ ಉಳಿಸೋಕೆ ಏರಿಗೆ ಬಂಡೆ ಸುರಿಯುತ್ತಾ ಹೋಗುವುದು ಸರಿಯಲ್ಲ. ಏರಿ ಎಷ್ಟು ಬೇಕು, ಎಲ್ಲಿ ಬೇಕು ಅನ್ನೋದನ್ನು ಅದರ ಹಿಂದೆ ಮನೆ ಮಾಡಿಕೊಂಡಿರುವ ಪಸಿಫಿಕಾದ ಜನ ಮತ್ತು ಕೊಳದ ಸಿಹಿನೀರು, ಇವೆರಡನ್ನು ನೋಡಿ ತೀರ್ಮಾನಿಸಿ. ಆಟ ಮೂರನೆಯದು. ಏರಿ ಪಕ್ಕದ ಹೋಲ್ ಒಂದು ದಿನ ಒಳಕ್ಕೆ ಸರಿಯಬೇಕಾಗಿ ಬಂದರೆ ಸರಿಯಲಿ, ಈಗಿಂದಲೇ ಅದಕ್ಕೆ ಜಾಗ ಗುರುತು ಮಾಡಿ ಇಡಿ. ಉಳಿದ 12ನ್ನು ಚೆನ್ನಾಗಿ ಮಾಡೋಣ. ಫ್ಲೆಮಿಂಗ್ ಮಾಡಿದ ಆಚೆಯ ನಾಲ್ಕನ್ನೂ ಗೌರವದಿಂದ ಇಟ್ಟುಕೊಳ್ಳೋಣ. ಹೆದ್ದಾರಿ ಕೆಳಗಿನ ಸುರಂಗ ದಾಟಿ ಆಚೆ ಹೋದರೆ ಗಾಳಿ ನಿಂತು, ಕಣಿವೆಯ ಬೆಚ್ಚಗಿನ ವಾಸನೆ ಬರುತ್ತದೆ. ಅದೂ ಈಗ ಈ ಕೋರ್ಸಿನ ಚರಿತ್ರೆಯೇ.

ದುಡ್ಡಿನ ವಿಷಯ. ನಿಮ್ಮದೇ ಹಾರ್ಡಿಂಗ್ ಪಾರ್ಕ್ ಕೋರ್ಸ್ 1925ರದು. 2003ರಲ್ಲಿ ದೊಡ್ಡ ಖರ್ಚಿನಲ್ಲಿ ಅದನ್ನು ಹೊಸದು ಮಾಡಿದಿರಿ. 2020ರ ಪಿ.ಜಿ.ಎ. ಚಾಂಪಿಯನ್‌ಷಿಪ್ ಅಲ್ಲಿಗೆ ಬಂತು. ನಗರಕ್ಕೆ ಹೆಸರೂ ಬಂತು. ಹೊರಗಿನಿಂದ ಬಂದು ಆಡುವವರ ಶುಲ್ಕ ಏರಿತು. ಶಾರ್ಪ್ ಪಾರ್ಕಿಗೆ ಆ ದಾರಿ ಬೇಡ. ಇಲ್ಲಿಗೆ ದೊಡ್ಡ ಪಂದ್ಯ ಬರಬೇಕಾಗಿಲ್ಲ. ನಮಗೆ ಹಿಡಿಸುವುದು ಗೋಲ್ಡನ್ ಗೇಟ್ ಪಾರ್ಕಿನ 9 ಹೋಲ್‌ಗಳ ಪುಟ್ಟ ಕೋರ್ಸ್ ಮಾದರಿ. ಜೇ ಬ್ಲಾಸಿ ಅದನ್ನು ಹೊಸದಾಗಿ ರೂಪಿಸಿದರು, 2024ರಲ್ಲಿ ತೆರೆದಿರಿ, ಮಕ್ಕಳು ಮರಿ ಎಲ್ಲ ಆಡುತ್ತಿದ್ದಾರೆ. ಶಾರ್ಪ್ ಪಾರ್ಕಿನಲ್ಲಿ ನನ್ನ ಜೊತೆ ಆಡುವವರಲ್ಲಿ ಫಿಲಿಪೀನ್ಸ್‌ನ ಒಬ್ಬ ಅಜ್ಜಿ ಇದ್ದಾರೆ. ಎಂಬತ್ತರ ಹತ್ತಿರ. ನೀರಿನ ಆಚೆ ಹೊಡೆಯೋಕೆ ಆಗುವುದಿಲ್ಲ, ಸುತ್ತಿಕೊಂಡು ಬರುತ್ತಾರೆ, ಪಟ್, ಅಂದರೆ ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ, ಮಾತ್ರ ತಪ್ಪುವುದಿಲ್ಲ. ಎಷ್ಟೋ ಸಲ ನನ್ನನ್ನು ಸೋಲಿಸಿದ್ದಾರೆ. ಮೆಕೆಂಜಿ ಎರಡು ದಾರಿ ಬರೆದಿದ್ದು ಇವರಿಗಾಗಿಯೇ ಇರಬೇಕು ಅನ್ನಿಸುತ್ತದೆ. ಕೋರ್ಸ್ ಸುಂದರ ಆಗಿ ಶುಲ್ಕ ಜಾಸ್ತಿ ಆಗಿ ಆ ಅಜ್ಜಿ ಬರುವುದು ನಿಂತರೆ, ಅದನ್ನು ದುರಸ್ತಿ ಅಂತ ಕರೆಯೋಕೆ ನಾನು ಒಪ್ಪುವುದಿಲ್ಲ. ಯೋಜನೆ ಒಪ್ಪುವ ದಿನವೇ ಶುಲ್ಕದ ಮಿತಿಯನ್ನೂ ಅದೇ ಕಾಗದದಲ್ಲಿ ಬರೆದುಬಿಡಿ.

ಬೇ ಏರಿಯಾದ ಕನ್ನಡದವರಿಗೆ: ಗಾಲ್ಫ್ ಅಂದರೆ ನಮ್ಮ ತಲೆಯಲ್ಲಿ ಒಂದು ಚಿತ್ರ ಇದೆ ಅಲ್ವಾ? ಬೆಂಗಳೂರು ಗಾಲ್ಫ್ ಕ್ಲಬ್ 1876ರದು, ದೇಶದ ಹಳೆಯ ಕ್ಲಬ್‌ಗಳಲ್ಲಿ ಒಂದು. ಕಾಲೇಜಿನ ದಿನಗಳಲ್ಲಿ ಸ್ಯಾಂಕಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಆ ಹಸಿರನ್ನು ನೋಡುತ್ತಿದ್ದೆ. ಅದು ನಮ್ಮಂಥವರ ಜಾಗ ಅಲ್ಲ ಅಂತ ಯಾರೂ ಹೇಳದೆಯೇ ಗೊತ್ತಿತ್ತು. ಶಾರ್ಪ್ ಪಾರ್ಕ್ ನಮ್ಮೆಲ್ಲರ ಜಾಗ. ಆಡದಿದ್ದರೂ ಪರವಾಗಿಲ್ಲ, ಏರಿಯ ಮೇಲೆ ನಡೆಯುತ್ತೀರಲ್ಲ, ಅಷ್ಟು ಸಾಕು. ಕಮಿಷನ್‌ನ ಸಭೆಯಲ್ಲಿ ಸಾರ್ವಜನಿಕರು ಮಾತಾಡೋಕೆ ಅವಕಾಶ ಇರುತ್ತದೆ, ಸಿಗುವುದು ಒಂದೆರಡು ನಿಮಿಷ. ಬಂದು ಎರಡು ಮಾತು ಹೇಳಿ. ಮಕ್ಕಳನ್ನು ಮಳೆಗಾಲದ ಒಂದು ಸಂಜೆ ಪಕ್ಕದ ಮೋರಿ ಪಾಯಿಂಟ್ ಕಡೆ ಕರೆದುಕೊಂಡು ಹೋಗಿ. ಅಲ್ಲಿ ರಾಷ್ಟ್ರೀಯ ಉದ್ಯಾನದವರು ಕಪ್ಪೆಗಳಿಗಾಗಿಯೇ ಹೊಂಡ ಮಾಡಿದ್ದಾರೆ. ಕಾಲುದಾರಿ ಬಿಟ್ಟು ಇಳಿಯಬೇಡಿ, ದೂರದಿಂದ ನೋಡಿ.

ಕಮಿಷನ್‌ನ ಸದಸ್ಯರೇ, ಕಡತ ನೋಡಿ ತೀರ್ಮಾನ ಮಾಡುವ ಮೊದಲು ಒಮ್ಮೆ ಬನ್ನಿ. ಜನವರಿಯಲ್ಲಿ, ಮಳೆ ಬಂದ ಮರುದಿನ, ಬೆಳಗ್ಗೆ ಏಳಕ್ಕೆ. ಆ ಹೊತ್ತಿಗೆ ನನ್ನ ಪಾಳಿ ಮುಗಿದಿರುತ್ತದೆ. ಇಬ್ಬನಿ ಆರುವ ಮೊದಲು ಬಂದರೆ ಗ್ರೀನಿನ ಆ ಕಿವಿಯನ್ನು ತೋರಿಸುತ್ತೇನೆ. ಕುಕ್ಕರಗಾಲಲ್ಲಿ ಕೂರಬೇಕಾಗುತ್ತದೆ. ಟ್ರಾಮ್ ಓಡಿಸಿದ ಹಿರಿಯರೂ ಬರುತ್ತಾರೆ, ಅಜ್ಜಿಯೂ ಬರುತ್ತಾರೆ. ಬೂಟು ಹಾಕಿಕೊಂಡು ಬನ್ನಿ, ತಗ್ಗಿನ ಫೇರ್‌ವೇಯಲ್ಲಿ ನೀರು ನಿಂತಿರುತ್ತದೆ.

ಇತಿ,
ಡೇಲಿ ಸಿಟಿಯ ಒಬ್ಬ ಕನ್ನಡತಿ